ಟ್ರಾಕ್ಟರ್ ನಿಮ್ಮದು, ಬೀಗದ ಕೈ ನಮ್ಮದು

ದೊಡ್ಡ ಟ್ರಾಕ್ಟರೊಂದರ ಪರದೆಯ ಮೇಲೆ ಎರಡು ಅಂಕಿ ಮೂಡುತ್ತವೆ: 3226 ಮತ್ತು 9. ಮೊದಲನೆಯದು ಯಾವ ಭಾಗ ಅಂತ ಹೇಳುತ್ತದೆ, ಎರಡನೆಯದು ಅದಕ್ಕೇನಾಗಿದೆ ಅಂತ. ಇಲ್ಲಿ ಭಾಗ ಅಂದರೆ ಹೊಗೆ ಕೊಳವೆಯ ತುದಿಯಲ್ಲಿರುವ ನಾಕ್ಸ್ ಸೆನ್ಸರ್. ಹೊರಗೆ ಹೋಗುವ ಹೊಗೆಯಲ್ಲಿ ಸಾರಜನಕದ ಆಕ್ಸೈಡ್‌ಗಳು ಎಷ್ಟಿವೆ ಅಂತ ಅಳೆಯುವ ಸಣ್ಣ ಸಾಮಾನು. 9 ಅಂದರೆ ಅದರಿಂದ ಬರಬೇಕಾದ ಸಂದೇಶ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ.

ಯಾಕೆ ಬರುತ್ತಿಲ್ಲ ಅನ್ನೋದನ್ನು ಕೋಡ್ ಹೇಳುವುದಿಲ್ಲ. ಸೆನ್ಸರೇ ಸತ್ತಿರಬಹುದು. ಪ್ಲಗ್ಗಿಗೆ ನೀರಿಳಿದು ಕಿಲುಬು ಹಿಡಿದಿರಬಹುದು. ಇಲಿ ವೈರ್ ಕಡಿದಿರಬಹುದು. ಟ್ರಾಕ್ಟರ್ ರಿಪೇರಿ ಮಾಡುವವರನ್ನು ಕೇಳಿ ನೋಡಿ, ಇಲಿ ತಮಾಷೆಯ ವಿಷಯವಲ್ಲ ಅಂತಾರೆ.

ಎಂಜಿನ್ ಚೆನ್ನಾಗಿದೆ. ಹೈಡ್ರಾಲಿಕ್ಸ್ ಚೆನ್ನಾಗಿದೆ. ಟ್ಯಾಂಕ್ ತುಂಬ ಡೀಸೆಲ್ ಇದೆ. ಆದರೂ ಕಂಟ್ರೋಲರ್, ಅಂದರೆ ಎಂಜಿನ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್, ಸುಮ್ಮನೆ ಕೂರುವುದಿಲ್ಲ. ಹೊಗೆ ಶುದ್ಧವಾಗಿದೆಯೋ ಇಲ್ಲವೋ ಅಂತ ಅದಕ್ಕೆ ತಿಳಿಯುತ್ತಿಲ್ಲ, ಹಾಗಾಗಿ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತದೆ. ಮೊದಲು ಎಚ್ಚರಿಕೆ ದೀಪ. ಆಮೇಲೆ ಎಂಜಿನ್ನಿನ ಶಕ್ತಿ ಇಳಿಸುತ್ತದೆ. ಆಗಲೂ ಯಾರೂ ಸರಿ ಮಾಡದಿದ್ದರೆ ಕೊನೆಗೆ ತೆವಳುವ ವೇಗಕ್ಕೆ ತಂದು ಬಿಡುತ್ತದೆ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಹೊಲದಲ್ಲಿ ಗೋಧಿ ಬಲಿತು ನಿಂತಿದೆ, ಎರಡು ದಿನದಲ್ಲಿ ಮಳೆ ಅಂತ ಹವಾಮಾನ ಇಲಾಖೆ ಹೇಳಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇಂಥ ಹೊತ್ತಿಗೇ ಹೇಳಿದ ಮಾತು.

ಹಳೇ ಸೆನ್ಸರ್ ಬಿಚ್ಚಿ ಹೊಸದು ಹಾಕೋದು ರೈತರಿಗೆ ಕಷ್ಟವೇ ಅಲ್ಲ. ಒಂದು ಸ್ಪ್ಯಾನರ್, ಸ್ವಲ್ಪ ತಾಳ್ಮೆ ಸಾಕು. ಕಷ್ಟ ಇರೋದು ಆ ಕೆಲಸದ ಹಿಂದೆ ಮತ್ತು ಮುಂದೆ. ನಿಜಕ್ಕೂ ಕೆಟ್ಟಿರೋದು ಸೆನ್ಸರೇನಾ ಅಂತ ಮೊದಲು ಖಾತ್ರಿಯಾಗಬೇಕು. ಅದಕ್ಕೆ ಓಡುತ್ತಿರುವ ಎಂಜಿನ್ನಿನ ಒಳಗಿನ ಅಂಕಿ ಅಂಶ ಕಾಣಬೇಕು, ಪರೀಕ್ಷೆ ನಡೆಸುವ ಆಜ್ಞೆ ಕೊಡಬೇಕು. ಹೊಸದು ಹಾಕಿದ ಮೇಲೆ ಕಂಟ್ರೋಲರ್ ಅದನ್ನು ಒಪ್ಪಿಕೊಳ್ಳಬೇಕು. ಹಳೇ ಲೆಕ್ಕ ಅಳಿಸಬೇಕು, ಒಂದು ಪರೀಕ್ಷೆ ಓಡಿಸಿ 'ಸರಿಯಾಯಿತು' ಅನ್ನಿಸಿಕೊಳ್ಳಬೇಕು. ಹಲವು ಯಂತ್ರಗಳಲ್ಲಿ ಈ ಎರಡೂ ಕೆಲಸ ಮಾಡೋ ಪೂರ್ತಿ ಸಾಫ್ಟ್‌ವೇರ್ ಇರೋದು ಕಂಪನಿ ಒಪ್ಪಿದ ಡೀಲರ್‌ನ ಲ್ಯಾಪ್‌ಟಾಪಿನಲ್ಲಿ ಮಾತ್ರ.

ನಾನು ರೈತನಲ್ಲ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ಯಂತ್ರವನ್ನು ಯಾರು ರಿಪೇರಿ ಮಾಡಬಹುದು ಅನ್ನೋ ಈ ಜಗಳ ನನ್ನ ತಲೆಗೆ ಹತ್ತಿದ್ದು ಆ ಕಡೆಯಿಂದಲೇ. ಯಂತ್ರದ ಒಳಗೆ ಏನಾಗುತ್ತಿದೆ ಅಂತ ತೋರಿಸುವ ಡಯಾಗ್ನೋಸ್ಟಿಕ್ ಭಾಗವನ್ನು ಯಾರಾದರೂ ಬರೆದೇ ಬರೆದಿರುತ್ತಾರೆ. ಅದಿಲ್ಲದೆ ಕಾರ್ಖಾನೆಯಲ್ಲೇ ಯಂತ್ರ ಪರೀಕ್ಷೆ ಆಗುವುದಿಲ್ಲ. ಅಂದರೆ ಸಾಮಾನು ಆಗಲೇ ತಯಾರಿದೆ. ಅದರ ಬಾಗಿಲಿಗೆ ಲಾಗಿನ್ ಹಾಕೋದು ಒಂದು ಮಧ್ಯಾಹ್ನದ ಕೆಲಸ. ಆ ಲಾಗಿನ್ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅನ್ನೋ ತೀರ್ಮಾನ ಎಂಜಿನಿಯರ್ ಮೇಜಿನ ಮೇಲೆ ಆಗುವಂಥದ್ದಲ್ಲ. ಅದು ವ್ಯಾಪಾರದ ತೀರ್ಮಾನ.

ಹಾಗಾಗಿ 'ರೈತರಿಗೆ ತಮ್ಮ ಯಂತ್ರ ತಾವೇ ರಿಪೇರಿ ಮಾಡೋ ಹಕ್ಕು' ಅಂದಾಗ ನನಗೆ ಸ್ಪ್ಯಾನರ್ ಮುಖ್ಯ ಅನ್ನಿಸುವುದಿಲ್ಲ. ಸ್ಪ್ಯಾನರ್ ಯಾರೂ ಕಿತ್ತುಕೊಂಡಿಲ್ಲ. ಒಂದು ರಿಪೇರಿಗೆ ಮೂರು ಹಂತ ಇರುತ್ತೆ ಅಲ್ವಾ? ಏನಾಗಿದೆ ಅಂತ ತಿಳಿಯೋದು, ಬಿಚ್ಚಿ ಜೋಡಿಸೋದು, ಸರಿಯಾಯಿತು ಅಂತ ಯಂತ್ರದಿಂದ ಒಪ್ಪಿಗೆ ಪಡೆಯೋದು. ನಡುವಿನ, ಮೈಕೈ ಮಸಿಯಾಗೋ ಹಂತವನ್ನು ರೈತರಿಗೆ ಧಾರಾಳವಾಗಿ ಬಿಟ್ಟಿದ್ದಾರೆ. ಮೊದಲನೆಯದು ಮತ್ತು ಕೊನೆಯದು ಕಂಪನಿಯ ಹತ್ತಿರ ಉಳಿದಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಡೆಯುತ್ತೆ: ಹೊಸ ಭಾಗ ಹಾಕಿ ಆಗಿದೆ, ಎಂಜಿನ್ ತಯಾರಾಗಿ ನಿಂತಿದೆ, ಡೀಲರ್‌ನ ಮನುಷ್ಯ ಬಂದು ಲ್ಯಾಪ್‌ಟಾಪ್ ಚುಚ್ಚಬೇಕು.

ಈ ಜಗಳ ಜೋರಾಗಿ ನಡೆದಿರೋದು ಅಮೆರಿಕದಲ್ಲಿ. ಅದರ ಬೇರು ಹುಡುಕಿಕೊಂಡು ಹೋದರೆ ಸಿನಿಮಾ ಸಿಡಿಗಳ ಹತ್ತಿರ ಹೋಗಿ ನಿಲ್ಲುತ್ತೇವೆ. 1998ರಲ್ಲಿ ಅಲ್ಲಿ ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಕಾಯ್ದೆ ಬಂತು. ಸಿನಿಮಾ, ಹಾಡು ಇವನ್ನೆಲ್ಲ ಜನ ಕದ್ದು ನಕಲು ಮಾಡುತ್ತಾರೆ ಅನ್ನೋ ಭಯ ಆಗ. ಆ ಕಾಯ್ದೆಯ 1201ನೇ ಸೆಕ್ಷನ್, ಕಾಪಿರೈಟ್ ಇರುವ ಕೃತಿಗೆ ಹಾಕಿದ ಡಿಜಿಟಲ್ ಬೀಗ ಒಡೆಯೋದೇ ತಪ್ಪು ಅಂತ ಹೇಳಿತು. ಸಾಫ್ಟ್‌ವೇರಿಗೂ ಕಾಪಿರೈಟ್ ಇದೆ. ಟ್ರಾಕ್ಟರಿನೊಳಗೆ ಸಾಫ್ಟ್‌ವೇರ್ ಬಂತು. ಸಿನಿಮಾ ಕಾಯಲು ತಂದ ಕಾನೂನು ಹೀಗೆ ಸದ್ದಿಲ್ಲದೆ ಹೊಲಕ್ಕೆ ಇಳಿಯಿತು.

ಮೂರು ವರ್ಷಕ್ಕೊಮ್ಮೆ ಈ ಸೆಕ್ಷನ್ನಿಗೆ ವಿನಾಯಿತಿ ಕೇಳಬಹುದು. 2015ರಲ್ಲಿ ಟ್ರಾಕ್ಟರ್, ಕಾರುಗಳಿಗೆ ವಿನಾಯಿತಿ ಕೊಡಿ ಅಂತ ಅರ್ಜಿ ಹೋದಾಗ ಟ್ರಾಕ್ಟರ್ ತಯಾರಿಸುವ ಜಾನ್ ಡಿಯರ್ ಕಂಪನಿ ತನ್ನ ಉತ್ತರ ಬರೆದು ಸಲ್ಲಿಸಿತು. ಅದರಲ್ಲಿದ್ದ ಒಂದು ವಾದ ಇವತ್ತಿಗೂ ಓಡಾಡುತ್ತಿದೆ: ಯಂತ್ರ ಕೊಂಡವರಿಗೆ ಅದರ ಸಾಫ್ಟ್‌ವೇರಿನ ಮೇಲೆ ಸಿಗೋದು, ಆ ಯಂತ್ರ ಇರುವಷ್ಟು ಕಾಲ ಅದನ್ನು ಓಡಿಸುವುದಕ್ಕೆ ಒಂದು ಅಘೋಷಿತ ಲೈಸೆನ್ಸ್. ಕಬ್ಬಿಣ ನಿಮ್ಮದು, ಬುದ್ಧಿ ನಮ್ಮದು ಅಂದ ಹಾಗಾಯಿತು. ವಕೀಲರ ಕಣ್ಣಿಗೆ ಇದು ಸರಿಯಾದ ಮಾತೇ. ಫೋನಿನ ಸಾಫ್ಟ್‌ವೇರನ್ನೂ ನಾವು ಹಾಗೇ ತಗೊಂಡಿರೋದು. ಆದರೆ ಆ ಬುದ್ಧಿ ಇಲ್ಲದೆ ಆ ಕಬ್ಬಿಣ ಒಂದು ಗಜ ಮುಂದೆ ಹೋಗುವುದಿಲ್ಲ ಅನ್ನೋದನ್ನು ವಕೀಲರ ವಾಕ್ಯ ಮುಟ್ಟುವುದೇ ಇಲ್ಲ.

ಇಲ್ಲಿ ಒಂದು ಚಿಕ್ಕ ವಿಷಯ ಹೇಳಲೇಬೇಕು. ಆ ಕಂಪನಿ ಶುರು ಮಾಡಿದ ಜಾನ್ ಡಿಯರ್ ಒಬ್ಬ ಕಮ್ಮಾರ. 1837ರಲ್ಲಿ ಇಲಿನಾಯ್‌ನ ಗ್ರಾಂಡ್ ಡಿಟೂರ್ ಅನ್ನೋ ಊರಲ್ಲಿ ಆತ ಹೊಸ ನಮೂನೆಯ ನೇಗಿಲು ಮಾಡಿದ. ಅಲ್ಲಿನ ಎರೆಮಣ್ಣು ಎರಕದ ಕಬ್ಬಿಣದ ನೇಗಿಲಿಗೆ ಮೆತ್ತಿಕೊಳ್ಳುತ್ತಿತ್ತು, ಹತ್ತು ಹೆಜ್ಜೆಗೊಮ್ಮೆ ನಿಂತು ಕೆರೆಯಬೇಕಿತ್ತು. ಡಿಯರ್ ನುಣುಪಾದ ಉಕ್ಕಿನ ನೇಗಿಲು ಮಾಡಿದ. ಉಕ್ಕು ಎಲ್ಲಿಂದ ಬಂತು? ಮರದ ಮಿಲ್ಲಿನ ಒಂದು ಮುರಿದ ಗರಗಸದಿಂದ. ಬೇರೆಯವರು ಮಾಡಿದ ಸಾಮಾನು ಕೆಟ್ಟಾಗ ಅದನ್ನು ಬಗ್ಗಿಸಿ, ಬಡಿದು, ತನಗೆ ಬೇಕಾದ್ದು ಮಾಡಿಕೊಂಡವನಿಂದ ಹುಟ್ಟಿದ ಕಂಪನಿ ಇದು. ಇದಕ್ಕಿಂತ ಜಾಸ್ತಿ ನಾನೇನೂ ಹೇಳಬೇಕಿಲ್ಲ.

2015ರ ಆ ಅರ್ಜಿಯಲ್ಲಿ ರೈತರ ಕಡೆ ಗೆದ್ದಿತು. ಅಕ್ಟೋಬರ್‌ನಲ್ಲಿ ವಿನಾಯಿತಿ ಸಿಕ್ಕಿತು, ಒಂದು ವರ್ಷ ಬಿಟ್ಟು ಜಾರಿಯಾಯಿತು. ಆದರೆ ಅದು ಯಂತ್ರದ ಮಾಲೀಕರಿಗೆ ಮಾತ್ರ. ಅವರ ಪರವಾಗಿ ಮೆಕ್ಯಾನಿಕ್ ಬೀಗ ಒಡೆಯುವ ಹಾಗಿರಲಿಲ್ಲ. 2018ರಲ್ಲಿ ಅದನ್ನೂ ಸಡಿಲ ಮಾಡಿದರು. ಇನ್ನೊಂದು ತೊಡಕು ಮಾತ್ರ ಹಾಗೇ ಉಳಿಯಿತು. ಬೀಗ ಒಡೆಯುವ ಸಲಕರಣೆ ಮಾಡಿ ಮಾರೋದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಬೀಗ ಒಡೆಯೋಕೆ ಅನುಮತಿ ಇದೆ, ಸುತ್ತಿಗೆ ಅಂಗಡಿಗೆ ಅನುಮತಿ ಇಲ್ಲ. ಪ್ರತಿ ರೈತನೂ ತನ್ನ ಸುತ್ತಿಗೆ ತಾನೇ ಎರಕ ಹೊಯ್ದುಕೊಳ್ಳಬೇಕು.

ಜನ ಏನು ಮಾಡುತ್ತಾರೆ? ಬೇರೆ ದಾರಿ ಹುಡುಕುತ್ತಾರೆ. ಅಮೆರಿಕದ ರೈತರು ಉಕ್ರೇನ್ ಕಡೆಯಿಂದ ಬಂದ, ಬೀಗ ಮುರಿದ ಸಾಫ್ಟ್‌ವೇರನ್ನು ಇಂಟರ್ನೆಟ್ಟಿನಲ್ಲಿ ಕದ್ದುಮುಚ್ಚಿ ಕೊಂಡು ತಮ್ಮ ಟ್ರಾಕ್ಟರಿಗೆ ಹಾಕುತ್ತಿದ್ದಾರೆ ಅಂತ 2017ರಲ್ಲಿ ಮದರ್‌ಬೋರ್ಡ್ ಪತ್ರಿಕೆ ಬರೆಯಿತು. ಡೀಲರ್‌ಗಳು ಬಳಸೋ 'ಸರ್ವಿಸ್ ಅಡ್ವೈಸರ್' ಅನ್ನೋ ಪ್ರೋಗ್ರಾಮಿನ ನಕಲಿ ಪ್ರತಿ, ಕಂಟ್ರೋಲರ್‌ಗಳಿಗೆ ತುಂಬುವ ಫೈಲುಗಳು, ಲೈಸೆನ್ಸ್ ಕೀ ಹುಟ್ಟಿಸೋ ಪ್ರೋಗ್ರಾಮುಗಳು, ಎಲ್ಲ ಆ ಸಂತೆಯಲ್ಲಿ ಸಿಗುತ್ತಿದ್ದವು. ಸಾಫ್ಟ್‌ವೇರ್ ಕೆಲಸದವನಾಗಿ ನನಗೆ ಇದು ಮೈ ಜುಮ್ಮೆನಿಸುವ ಸುದ್ದಿ. ಟನ್‌ಗಟ್ಟಲೆ ತೂಕದ ಯಂತ್ರಕ್ಕೆ ಯಾರು ಬರೆದರೋ, ಒಳಗೇನಿದೆಯೋ ಗೊತ್ತಿಲ್ಲದ ಫೈಲ್ ತುಂಬೋದು! ಸುರಕ್ಷತೆ ಸುರಕ್ಷತೆ ಅಂತ ಹಾಕಿದ ಬೀಗವೇ ಜನರನ್ನು ಅಲ್ಲಿಗೆ ಅಟ್ಟಿತು.

ಮತ್ತೊಂದು ದಾರಿ ಹಿಂದಕ್ಕೆ ಹೋಗೋದು. 1970ರ ದಶಕದ ಕೊನೆಯ, 80ರ ದಶಕದ ಟ್ರಾಕ್ಟರುಗಳಿಗೆ ಅಮೆರಿಕದ ಹರಾಜುಗಳಲ್ಲಿ ಒಳ್ಳೇ ಬೆಲೆ ಬರುತ್ತಿದೆ ಅಂತ 2020ರ ಹೊತ್ತಿಗೆ ಸುದ್ದಿಯಾಯಿತು. ಜಾನ್ ಡಿಯರ್‌ನದೇ 4440 ಅಂಥದ್ದೊಂದು. ನಲವತ್ತು ವರ್ಷ ಹಳೇದು, ಆದರೆ ಬಾನೆಟ್ ಎತ್ತಿದರೆ ಕಾಣೋದೆಲ್ಲ ಕೈಗೆ ಸಿಗೋ ಸಾಮಾನು. ಇದು ಹಳೇದರ ಮೋಹ ಅಂತ ಕೆಲವರು ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೊಸ ಯಂತ್ರ ಜಿಪಿಎಸ್ ಹಿಡಿದು ಗೆರೆ ಎಳೆದ ಹಾಗೆ ಸಾಲು ಹೊಡೆಯುತ್ತೆ, ಡೀಸೆಲ್ ಉಳಿಸುತ್ತೆ, ಬೀಜ ಉಳಿಸುತ್ತೆ. ರೈತರಿಗೆ ಅದೆಲ್ಲ ಗೊತ್ತು, ಬೇಕೂ ಬೇಕು. ಅಷ್ಟೆಲ್ಲ ಬಿಟ್ಟು ಹಳೇದಕ್ಕೆ ದುಡ್ಡು ಸುರಿಯುತ್ತಾರೆ ಅಂದರೆ, ಕೆಟ್ಟಾಗ ಯಾರಿಗೂ ಕೈ ಮುಗಿಯದೆ ಸರಿ ಮಾಡಿಕೊಳ್ಳೋದಕ್ಕೆ ಅವರು ಎಷ್ಟು ಬೆಲೆ ಕಟ್ಟಿದ್ದಾರೆ ಅಂತ ಗೊತ್ತಾಗುತ್ತೆ.

ಕಾಯೋದರ ಖರ್ಚೇ ಬೇರೆ. ಡೀಲರ್ ಹತ್ತಿರದಲ್ಲಿದ್ದರೂ ಕೊಯ್ಲಿನ ದಿನಗಳಲ್ಲಿ ಎಲ್ಲರ ಯಂತ್ರವೂ ಒಟ್ಟಿಗೇ ಕೆಡುತ್ತೆ. ಮೆಕ್ಯಾನಿಕ್ ಸರದಿ ಬರೋ ತನಕ ಕಾಯಬೇಕು. ಸೋಯಾ ಕಾಯಿ ಅತಿಯಾಗಿ ಒಣಗಿದರೆ ಸಿಡಿದು ಕಾಳು ನೆಲಕ್ಕೆ ಬೀಳುತ್ತೆ. ಬಲಿತ ಗೋಧಿ ಮಳೆಗೆ ನೆನೆದರೆ ತೆನೆಯಲ್ಲೇ ಮೊಳಕೆಯೊಡೆಯುತ್ತೆ. ಈ ನಷ್ಟಕ್ಕೆ ಲೆಕ್ಕ ಕಟ್ಟಲು ಪರ್ಗ್ ಅನ್ನೋ ಗ್ರಾಹಕ ಸಂಘಟನೆ 2023ರಲ್ಲಿ ಪ್ರಯತ್ನಿಸಿತು. ಯಂತ್ರ ನಿಂತ ಸಮಯ ಮತ್ತು ಹೆಚ್ಚಿನ ರಿಪೇರಿ ಖರ್ಚು ಸೇರಿ ಅಮೆರಿಕದ ರೈತರಿಗೆ ವರ್ಷಕ್ಕೆ 420 ಕೋಟಿ ಡಾಲರ್ ಅಂತ ಹೇಳಿತು. ರಿಪೇರಿ ಹಕ್ಕಿನ ಪರ ಬರೆಯುವವರೆಲ್ಲ ಈ ಅಂಕಿ ಹಾಕುತ್ತಾರೆ. ಆದರೆ ಅದರ ಹಿಂದಿರೋದು 53 ರೈತರ ಸಮೀಕ್ಷೆ. ಅಷ್ಟು ಜನರಿಂದ ಇಡೀ ದೇಶದ ಲೆಕ್ಕಕ್ಕೆ ಹಾರೋದು ನನಗೆ ಒಪ್ಪಿಗೆಯಾಗುವುದಿಲ್ಲ. ನಷ್ಟ ಇದೆ ಅನ್ನೋದು ನಿಜ. ಅದನ್ನು ತೋರಿಸೋಕೆ ಇಷ್ಟು ದೊಡ್ಡ ಅಂಕಿ ಬೇಕಿರಲಿಲ್ಲ.

ಕಂಪನಿಗಳ ಲೆಕ್ಕಕ್ಕೂ ಇದೇ ಮಾತು. ನಮ್ಮ ಯಂತ್ರಗಳ ರಿಪೇರಿಯಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಬೇಕಾಗೋದು ನೂರಕ್ಕೆ ಎರಡಕ್ಕಿಂತ ಕಡಿಮೆ ಅಂತ ಡಿಯರ್ ಹೇಳುತ್ತಾ ಬಂದಿದೆ. ಇರಬಹುದು. ಬೆಲ್ಟ್ ಬದಲಿಸೋದು, ಆಯಿಲ್ ಬದಲಿಸೋದು, ಟಯರ್ ಪಂಚರ್, ಎಲ್ಲ ಸೇರಿಸಿ ಎಣಿಸಿದರೆ ಹಾಗೇ ಬರುತ್ತೆ. ಪ್ರಶ್ನೆ ಇರೋದು, ಕೊಯ್ಲಿನ ಮಧ್ಯೆ ಯಂತ್ರವನ್ನು ಹೊಲದಲ್ಲಿ ನಿಲ್ಲಿಸೋ ಕಾಯಿಲೆ ಆ ತೊಂಬತ್ತೆಂಟರಲ್ಲಿದೆಯೋ ಈ ಎರಡರಲ್ಲಿದೆಯೋ ಅಂತ.

ಕಾನೂನು ಬರೋ ಸೂಚನೆ ಕಂಡಾಗಲೆಲ್ಲ ಕಂಪನಿಗಳು ಒಂದು ಮಾತು ಕೊಟ್ಟಿವೆ. 2018ರಲ್ಲಿ ತಯಾರಕರ ಮತ್ತು ಡೀಲರ್‌ಗಳ ಸಂಘಗಳು, 2021ರ ಹೊತ್ತಿಗೆ ಮ್ಯಾನ್ಯುವಲ್ ಮತ್ತು ಡಯಾಗ್ನೋಸ್ಟಿಕ್ ಸಲಕರಣೆ ಎಲ್ಲರಿಗೂ ಸಿಗುತ್ತೆ ಅಂತ ಹೇಳಿದವು. 2021 ಬಂದು ಹೋಯಿತು. ಸಿಗುತ್ತಿಲ್ಲ ಅಂತ ರೈತರು ದೂರುತ್ತಲೇ ಇದ್ದರು. 2023ರ ಜನವರಿಯಲ್ಲಿ ಅಮೆರಿಕನ್ ಫಾರ್ಮ್ ಬ್ಯೂರೋ ಫೆಡರೇಶನ್ ಅನ್ನೋ ರೈತ ಸಂಘದ ಜತೆ ಡಿಯರ್ ಒಪ್ಪಂದಕ್ಕೆ ಸಹಿ ಹಾಕಿತು. ಮ್ಯಾನ್ಯುವಲ್, ಬಿಡಿಭಾಗ, ಸಲಕರಣೆ ನ್ಯಾಯವಾದ ಬೆಲೆಗೆ ಕೊಡುತ್ತೇವೆ ಅಂತ ಕಂಪನಿ ಒಪ್ಪಿತು. ಬದಲಿಗೆ, ಇದಕ್ಕಿಂತ ಹೆಚ್ಚು ಕೇಳುವ ಕಾನೂನುಗಳನ್ನು ತನ್ನ ರಾಜ್ಯ ಘಟಕಗಳು ಬೆಂಬಲಿಸದಂತೆ ಹೇಳುತ್ತೇವೆ ಅಂತ ಸಂಘ ಒಪ್ಪಿತು. ಕೆಲವೇ ತಿಂಗಳಲ್ಲಿ ಸಿಎನ್‌ಎಚ್, ಆಗ್ಕೋ, ಕುಬೋಟಾ, ಕ್ಲಾಸ್ ಕಂಪನಿಗಳೂ ಇಂಥದ್ದೇ ಕಾಗದಕ್ಕೆ ಸಹಿ ಹಾಕಿದವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಾತು ತಪ್ಪಿದರೆ ಶಿಕ್ಷೆ ಏನು ಅಂತ ಹುಡುಕಿದೆ. ಶಿಕ್ಷೆ ಇಲ್ಲ, ಒಪ್ಪಂದದಿಂದ ಹೊರ ನಡೆಯಬಹುದು ಅಷ್ಟೇ.

ಆ ಕಾಗದಗಳ ಮಾತು ಕೇಳದೆ ನಡೆದ ರಾಜ್ಯ ಕೊಲೊರಾಡೊ. 2023ರ ಏಪ್ರಿಲ್ 25ರಂದು ಗವರ್ನರ್ ಜೆರೆಡ್ ಪೊಲಿಸ್ ಮಸೂದೆಗೆ ಸಹಿ ಹಾಕಿದರು, 2024ರ ಜನವರಿ 1ರಿಂದ ಜಾರಿ. ಕೃಷಿ ಯಂತ್ರಗಳಿಗೆ ಇಂಥ ಕಾನೂನು ತಂದ ಮೊದಲ ಅಮೆರಿಕನ್ ರಾಜ್ಯ ಅದು. ಬಿಡಿಭಾಗ, ಒಳಗಿನ ಸಾಫ್ಟ್‌ವೇರ್, ಸಲಕರಣೆ, ಮ್ಯಾನ್ಯುವಲ್, ಎಲ್ಲವನ್ನೂ ಮಾಲೀಕರಿಗೆ ಮತ್ತು ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ಕೊಡಬೇಕು. ಅದರ ಹಿಂದಿನ ವರ್ಷ ಅದೇ ರಾಜ್ಯ ಮೋಟಾರು ಗಾಲಿಕುರ್ಚಿಗಳಿಗೆ ರಿಪೇರಿ ಹಕ್ಕು ಕೊಟ್ಟಿತ್ತು ಅನ್ನೋದು ನನಗೆ ಬಹಳ ಇಷ್ಟವಾದ ವಿವರ. ನಡೆಯಲಾಗದವರು ಮತ್ತು ಕೊಯ್ಲು ಮಾಡಬೇಕಾದವರು, ಇಬ್ಬರಿಗೂ ಯಂತ್ರ ನಿಂತರೆ ಆ ದಿನದ ಬದುಕೇ ನಿಲ್ಲುತ್ತೆ.

2025ರ ಜನವರಿಯಲ್ಲಿ ವ್ಯಾಪಾರದಲ್ಲಿ ಮೋಸ, ಏಕಸ್ವಾಮ್ಯ ತಡೆಯೋ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಇಲಿನಾಯ್ ಮತ್ತು ಮಿನೆಸೋಟ ರಾಜ್ಯಗಳ ಜತೆ ಸೇರಿ ಡಿಯರ್ ಮೇಲೆ ಮೊಕದ್ದಮೆ ಹೂಡಿತು. ಆಮೇಲೆ ಇನ್ನೂ ಕೆಲವು ರಾಜ್ಯಗಳು ಸೇರಿಕೊಂಡವು. ದೂರಿನ ತಿರುಳು ನಾನು ಮೇಲೆ ಹೇಳಿದ್ದೇ: ಪೂರ್ತಿ ಕೆಲಸ ಮಾಡೋ ಸರ್ವಿಸ್ ಅಡ್ವೈಸರ್ ಡೀಲರ್‌ಗಳಿಗೆ ಮಾತ್ರ, ರೈತರಿಗೆ ಕೈಕಾಲು ಕತ್ತರಿಸಿದ ಇನ್ನೊಂದು ಆವೃತ್ತಿ, ಇದರಿಂದ ರಿಪೇರಿ ಮಾರುಕಟ್ಟೆಯೆಲ್ಲ ಡೀಲರ್‌ಗಳ ಪಾಲಾಗಿದೆ ಅನ್ನೋ ಆರೋಪ. ಕಂಪನಿ ಅದನ್ನು ಅಲ್ಲಗಳೆದಿದೆ.

ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲವಾ? ಇದೆ. ಅದನ್ನು ತಳ್ಳಿಹಾಕಿ ಬರೆಯೋರನ್ನು ಕಂಡರೆ ನನಗೆ ಕಿರಿಕಿರಿ. ಹೊಗೆ ವಿಷಯವನ್ನೇ ತಗೊಳ್ಳಿ. ಆ ನಾಕ್ಸ್ ಸೆನ್ಸರ್ ಸುಮ್ನೆ ಅಲ್ಲಿಲ್ಲ. ಡೀಸೆಲ್ ಹೊಗೆಗೆ ಯೂರಿಯಾ ನೀರು ಚಿಮುಕಿಸಿ ನಾಕ್ಸ್ ತೆಗೆಯುವ ವ್ಯವಸ್ಥೆಯ ಭಾಗ ಅದು. ಆ ನೀರಿನಲ್ಲಿ ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಮೈನಸ್ 11 ಡಿಗ್ರಿಗೆ ಗಡ್ಡೆ ಕಟ್ಟುತ್ತೆ, ಕೊಳೆಯಾದರೆ ಪಂಪ್ ಹಾಳು. ತಲೆನೋವಿನ ಸಾಮಾನು ಅಂತ ಎಲ್ಲ ರೈತರೂ ಬೈಯುತ್ತಾರೆ. ಕೆಲವರು ಅದನ್ನೆಲ್ಲ ಕಿತ್ತುಹಾಕಿ, ಸಾಫ್ಟ್‌ವೇರಿಗೆ ಸುಳ್ಳು ಹೇಳಿ ಓಡಿಸುತ್ತಾರೆ ಅನ್ನೋದೂ ನಿಜ. ಶಕ್ತಿ ಹೆಚ್ಚಿಸೋಕೆ ಎಂಜಿನ್ ಕಂಟ್ರೋಲರ್ ತಿದ್ದುವವರೂ ಇದ್ದಾರೆ. ಹಾಗೆ ತಿದ್ದಿದ ಯಂತ್ರದ ಗೇರ್‌ಬಾಕ್ಸ್ ಹೋದರೆ ವಾರಂಟಿ ಕೇಳಿಕೊಂಡು ಕಂಪನಿ ಹತ್ತಿರವೇ ಬರುತ್ತಾರೆ.

ಆದರೆ ರಿಪೇರಿಯೇ ಬೇರೆ, ತಿದ್ದುವುದೇ ಬೇರೆ. ಕೆಟ್ಟ ಸೆನ್ಸರ್ ತೆಗೆದು ಒಳ್ಳೇದು ಹಾಕಿದರೆ ಹೊಗೆ ಶುದ್ಧವಾಗುತ್ತೆ, ಕೊಳಕಾಗುವುದಿಲ್ಲ. ಕೊಲೊರಾಡೊ ಕಾನೂನೂ ಸುರಕ್ಷತೆಯ ಮತ್ತು ಹೊಗೆಯ ವ್ಯವಸ್ಥೆ ಕಿತ್ತುಹಾಕಲು ಬಿಡುವುದಿಲ್ಲ. 2023ರಲ್ಲಿ ಅಮೆರಿಕದ ಪರಿಸರ ಸಂಸ್ಥೆಯ ಮುಖ್ಯಸ್ಥರು ನ್ಯಾಷನಲ್ ಫಾರ್ಮರ್ಸ್ ಯೂನಿಯನ್ನಿಗೆ ಪತ್ರ ಬರೆದು, ವಾಯು ಶುದ್ಧತೆಯ ಕಾಯ್ದೆ ರೈತರ ರಿಪೇರಿಗೆ ಅಡ್ಡಿಯಲ್ಲ ಅಂತ ಸ್ಪಷ್ಟಪಡಿಸಿದರು. ಅಲ್ಲಿಗೆ ಆ ವಾದದ ಕಾಲು ಮುರಿದಂತೆ.

2025ರ ಆಗಸ್ಟ್‌ನಲ್ಲಿ ಅದೇ ಸಂಸ್ಥೆ ಇನ್ನೊಂದು ಹೆಜ್ಜೆ ಇಟ್ಟಿತು. ಯೂರಿಯಾ ವ್ಯವಸ್ಥೆಯಲ್ಲಿ ದೋಷ ಕಂಡ ತಕ್ಷಣ ಎಂಜಿನ್ನಿನ ಶಕ್ತಿ ದಿಢೀರ್ ಇಳಿಸಬೇಡಿ, ರಿಪೇರಿಗೆ ಸಮಯ ಸಿಗುವಂತೆ ಸಾಫ್ಟ್‌ವೇರ್ ಬದಲಿಸಿ ಅಂತ ತಯಾರಕರಿಗೆ ಹೇಳಿತು. ರೈತರಿಗೆ ಇದು ದೊಡ್ಡ ನಿರಾಳ. ಆದರೆ ಗಮನಿಸಿ, ಇಲ್ಲಿ ಸಡಿಲವಾದದ್ದು ಶಿಕ್ಷೆ. ಕೀಲಿಕೈ ಎಲ್ಲಿತ್ತೋ ಅಲ್ಲೇ ಇದೆ. ಡೀಲರ್ ಬರೋ ತನಕ ಕೆಲಸ ನಿಲ್ಲುವುದಿಲ್ಲ, ಅಷ್ಟೇ. ಡೀಲರ್ ಬರಬೇಕಾದ್ದು ತಪ್ಪಲಿಲ್ಲ. ನನ್ನ ಅನುಮಾನ ಏನಂದರೆ, ಇಂಥ ನಿರಾಳಗಳು ಸಿಕ್ಕ ಹಾಗೆಲ್ಲ ಮೂಲ ಬೇಡಿಕೆಯ ಕಾವು ಆರುತ್ತೆ.

ಸೈಬರ್ ಸುರಕ್ಷತೆ ಅನ್ನೋ ವಾದವೂ ಇದೆ. ಬೀಗ ತೆಗೆದರೆ ಹ್ಯಾಕರ್‌ಗಳು ನುಗ್ಗುತ್ತಾರೆ, ದೇಶದ ಆಹಾರಕ್ಕೇ ಕುತ್ತು ಅಂತ. 2022ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಡೆಫ್ ಕಾನ್ ಅನ್ನೋ ಹ್ಯಾಕರ್‌ಗಳ ಸಮಾವೇಶದಲ್ಲಿ ಸಿಕ್ ಕೋಡ್ಸ್ ಅನ್ನೋ ಹೆಸರಿನ ಸಂಶೋಧಕ ವೇದಿಕೆ ಹತ್ತಿ, ಡಿಯರ್ ಟ್ರಾಕ್ಟರಿನ ಪರದೆಯ ಬೀಗ ಮುರಿದು ಅದರಲ್ಲಿ ಡೂಮ್ ಅನ್ನೋ ಹಳೇ ವಿಡಿಯೋ ಗೇಮ್ ಓಡಿಸಿ ತೋರಿಸಿದ. ಜನ ನಕ್ಕು ಚಪ್ಪಾಳೆ ಹೊಡೆದರು. ಅದು ದೂರದಿಂದ ಕೂತು ಮಾಡಿದ ದಾಳಿಯಲ್ಲ. ಯಂತ್ರದ ಸರ್ಕ್ಯೂಟ್ ಬೋರ್ಡನ್ನು ಕೈಯಲ್ಲಿ ಹಿಡಿದು, ಬೆಸುಗೆ ಹಾಕಿ ಮಾಡಿದ ಕೆಲಸ. ಆದರೂ ಒಂದು ವಿಷಯ ಎದ್ದು ಕಾಣುತ್ತೆ. ಪಳಗಿದ ಕೈಗೆ ಆ ಬೀಗ ತಡೆಯಾಗಲಿಲ್ಲ. ತಡೆಯಾಗಿರೋದು ಬೆಳಗ್ಗೆ ಎದ್ದು ಹೊಲಕ್ಕೆ ಹೋಗಬೇಕಾದವರಿಗೆ. ನಮ್ಮ ಕಸುಬಿನಲ್ಲಿ ಒಂದು ಹಳೇ ತತ್ವ ಇದೆ: ಒಳಗಿನ ವಿನ್ಯಾಸ ಗುಟ್ಟಾಗಿದೆ ಅಂತ ನಂಬಿ ಕೂತ ಭದ್ರತೆ ಭದ್ರತೆಯೇ ಅಲ್ಲ.

ನನ್ನ ತಲೆಯಲ್ಲಿ ಜಾಸ್ತಿ ಕೂತಿರೋದು ಬೇರೆ ಸುದ್ದಿ. 2022ರಲ್ಲಿ ರಷ್ಯಾದ ಸೈನಿಕರು ಉಕ್ರೇನಿನ ಮೆಲಿಟೊಪೋಲ್ ನಗರದ ಡೀಲರ್ ಒಬ್ಬರ ಬಳಿಯಿದ್ದ ಜಾನ್ ಡಿಯರ್ ಯಂತ್ರಗಳನ್ನು ಹೊತ್ತೊಯ್ದರು. ಸುಮಾರು 50 ಲಕ್ಷ ಡಾಲರ್ ಬೆಲೆಯ ಮಾಲು ಅಂತ ಮೇ ತಿಂಗಳಲ್ಲಿ ವರದಿಯಾಯಿತು. ಕೆಲವನ್ನು ರಷ್ಯಾದ ಚೆಚೆನ್ಯಾದವರೆಗೆ ಸಾಗಿಸಿದರು. ಅಲ್ಲಿ ಸ್ಟಾರ್ಟ್ ಮಾಡೋಕೆ ಹೋದರೆ ಯಂತ್ರಗಳು ಮಿಸುಕಲಿಲ್ಲ. ದೂರದಿಂದಲೇ ಲಾಕ್ ಆಗಿದ್ದವು. ಓದಿದವರೆಲ್ಲ ಖುಷಿಪಟ್ಟರು, ನಾನೂ ಪಟ್ಟೆ. ಕಳ್ಳರಿಗೆ ಹಾಗೇ ಆಗಬೇಕು.

ಆಮೇಲೆ ಯೋಚನೆ ಬಂತು. ಯಂತ್ರ ಯಾರ ಕೈಯಲ್ಲಿದೆ ಅನ್ನೋದಕ್ಕೂ ಯಾರ ಮಾತು ಕೇಳುತ್ತೆ ಅನ್ನೋದಕ್ಕೂ ಸಂಬಂಧವೇ ಇಲ್ಲ ಅಂತ ಇದಕ್ಕಿಂತ ಚೆನ್ನಾಗಿ ತೋರಿಸಿಕೊಡೋದು ಸಾಧ್ಯವಿಲ್ಲ. ಇವತ್ತು ಕಳ್ಳರ ವಿರುದ್ಧ ಬಳಸಿದ ಸೌಲಭ್ಯ ನಾಳೆ ಕಂತು ಕಟ್ಟದವರ ವಿರುದ್ಧ ಬಳಸಬಹುದು. ನಾಡಿದ್ದು ಎರಡು ದೇಶಗಳ ಜಗಳದಲ್ಲಿ ಬಳಸಬಹುದು. ಬಳಸುತ್ತಾರೆ ಅಂತ ನಾನು ಹೇಳುತ್ತಿಲ್ಲ. ಮೂಗುದಾರ ಇದೆ, ಅದರ ತುದಿ ಬೇರೆಯವರ ಕೈಯಲ್ಲಿದೆ ಅನ್ನೋದು ಸಾಕು, ಎಳೆಯಲೇಬೇಕು ಅಂತಿಲ್ಲ.

ಬೇರೆ ದೇಶಗಳ ಕಥೆ ಬೇಗ ಹೇಳಿ ಮುಗಿಸಬಹುದು, ಯಾಕಂದರೆ ಆಗಿರೋದು ಕಡಿಮೆ. ಆಸ್ಟ್ರೇಲಿಯಾದ ಸ್ಪರ್ಧಾ ಆಯೋಗ 2021ರಲ್ಲಿ ಕೃಷಿ ಯಂತ್ರಗಳ ಮೇಲೆ ವರದಿ ಕೊಟ್ಟು, ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ಸಲಕರಣೆ ಸಿಗುತ್ತಿಲ್ಲ ಅಂತ ಒಪ್ಪಿಕೊಂಡಿತು. ಮರುವರ್ಷ ಕಾರುಗಳಿಗೆ ರಿಪೇರಿ ಮಾಹಿತಿಯ ಕಾನೂನು ಬಂದಾಗ ಕೃಷಿ ಯಂತ್ರಗಳನ್ನು ಹೊರಗೇ ಇಟ್ಟರು. ಕೆನಡಾ 2024ರ ನವೆಂಬರ್‌ನಲ್ಲಿ ರಿಪೇರಿಗಾಗಿ ಡಿಜಿಟಲ್ ಬೀಗ ಒಡೆಯಬಹುದು ಅಂತ ತನ್ನ ಕಾಪಿರೈಟ್ ಕಾಯ್ದೆ ತಿದ್ದಿತು. ಭಾರತ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ಮಾಡಿದಾಗ ಆರಿಸಿದ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದು. ಫ್ರಾನ್ಸಿನಲ್ಲಿ ಲಾಟೆಲಿಯೆ ಪೇಸಾಂ ಅನ್ನೋ ಸಹಕಾರ ಸಂಘ ಇನ್ನೊಂದೇ ದಾರಿ ಹಿಡಿದಿದೆ. ರೈತರಿಗೆ ತಮ್ಮ ಉಪಕರಣ ತಾವೇ ವೆಲ್ಡ್ ಮಾಡಿಕೊಳ್ಳೋದನ್ನು ಕಲಿಸುತ್ತೆ, ನಕ್ಷೆಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಅದು ಚೆಂದದ ಕೆಲಸ. ಕುಂಟೆ, ಕಳೆ ತೆಗೆಯೋ ಸಾಧನಗಳಿಗೆ ಅದು ಸಾಕು. ದೊಡ್ಡ ಕಂಬೈನ್ ಹಾರ್ವೆಸ್ಟರಿಗೆ ಆ ಉತ್ತರ ನಡೆಯುವುದಿಲ್ಲ ಅಂತ ನನ್ನ ಅನಿಸಿಕೆ.

ಹಾಗಾದರೆ ಒಳ್ಳೇ ಕಾನೂನು ಯಾವುದು, ಬರೀ ತೋರಿಕೆಯದು ಯಾವುದು ಅಂತ ಹೇಗೆ ತಿಳಿಯೋದು? ಆ 3226ನ್ನೇ ಹಿಡಿದು ನೋಡಬಹುದು. ಕೋಡ್ ಬಂದ ಹೊತ್ತಿನಿಂದ ಯಂತ್ರ ಮತ್ತೆ ಪೂರ್ತಿ ಶಕ್ತಿಗೆ ಬರೋ ತನಕ ರೈತ ಅಥವಾ ಅವರು ನಂಬಿದ ಮೆಕ್ಯಾನಿಕ್ ಯಾರ ಅನುಮತಿಯೂ ಇಲ್ಲದೆ ಮುಗಿಸಬಹುದಾ? ಮ್ಯಾನ್ಯುವಲ್ ಕೊಟ್ಟು ಕೊನೆಯ ಒಪ್ಪಿಗೆ ಕೊಡದಿದ್ದರೆ ಸಾಲದು. ಸಲಕರಣೆ ಕೊಟ್ಟು ಅದರಲ್ಲಿ ಮುಖ್ಯ ಪರೀಕ್ಷೆಗಳನ್ನೇ ಮುಚ್ಚಿಟ್ಟರೆ ಸಾಲದು. 2025ರ ಜುಲೈನಲ್ಲಿ ಡಿಯರ್ ರೈತರಿಗಾಗಿ ಆಪರೇಷನ್ಸ್ ಸೆಂಟರ್ ಪ್ರೊ ಸರ್ವಿಸ್ ಅನ್ನೋ ಹೊಸ ಸಲಕರಣೆ ತಂದಿತು. ಒಂದು ಯಂತ್ರಕ್ಕೆ ವರ್ಷಕ್ಕೆ 195 ಡಾಲರ್‌ನಿಂದ ಶುರು. ಹಿಂದಿನದಕ್ಕಿಂತ ಇದರಲ್ಲಿ ಜಾಸ್ತಿ ಕೆಲಸ ಆಗುತ್ತೆ, ಕಂಟ್ರೋಲರ್‌ಗಳಿಗೆ ಸಾಫ್ಟ್‌ವೇರ್ ತುಂಬೋದೂ ಸೇರಿ. ಮೊಕದ್ದಮೆ ತಲೆ ಮೇಲೆ ಇರದಿದ್ದರೆ ಇಷ್ಟು ಬೇಗ ಬರುತ್ತಿತ್ತಾ ಅಂತ ಕೇಳಬಹುದು. ಆದರೂ ಇದು ಮುಂದಿಟ್ಟ ಹೆಜ್ಜೆ ಅಂತ ಒಪ್ಪಿಕೊಳ್ಳುತ್ತೇನೆ.

ನನಗೆ ತಡೆಯೋದು ಆ 'ವರ್ಷಕ್ಕೆ' ಅನ್ನೋ ಮಾತು. ದುಡ್ಡಿನ ಕಾರಣಕ್ಕಲ್ಲ. ವಾರ್ಷಿಕ ಚಂದಾ ಅಂದರೆ ಅದರ ಹಿಂದೆ ಎಲ್ಲೋ ಒಂದು ಸರ್ವರ್ ಇದೆ, ಆ ಸರ್ವರ್ ನಡೆಸೋ ಒಂದು ತಂಡ ಇದೆ, ಆ ತಂಡಕ್ಕೆ ಪ್ರತಿ ವರ್ಷ ಬಜೆಟ್ ಕೊಡೋ ಒಬ್ಬ ಮ್ಯಾನೇಜರ್ ಇದ್ದಾನೆ. ನನ್ನ ಕಸುಬಿನಲ್ಲಿ ಹತ್ತು ವರ್ಷ ಬಾಳಿದ ಸರ್ವಿಸ್ ಅಂದರೆ ಮುದಿ ಸರ್ವಿಸ್. ಅದನ್ನು ಮುಚ್ಚೋ ಮಾತು ಪ್ರತಿ ಮೀಟಿಂಗ್‌ನಲ್ಲೂ ಬರುತ್ತೆ. ಟ್ರಾಕ್ಟರಿಗೆ ಹತ್ತು ವರ್ಷ ಅಂದರೆ ಇನ್ನೂ ಹರೆಯ. ಮೊದಲ ಮಾಲೀಕರು ಮಾರಿ, ಎರಡನೆಯವರು ಕೊಂಡು, ಅವರಿಂದ ಮೂರನೆಯವರ ಕೈಗೆ ಹೋಗೋ ಹೊತ್ತು. ವಾರಂಟಿ ಮುಗಿದು, ದುಡ್ಡು ಕಡಿಮೆ ಇರೋ ಕೈಗೆ ಯಂತ್ರ ಸೇರೋದು ಆಗಲೇ, ಜಾಸ್ತಿ ಕೆಡೋದೂ ಆಗಲೇ.

ಹಾಗಾಗಿ ಇನ್ನು ಮುಂದೆ ಬರೆಯೋ ಕಾನೂನುಗಳಲ್ಲಿ ಒಂದು ಸಾಲು ಇರಲಿ ಅನ್ನೋದು ನನ್ನ ಆಸೆ: ಕಂಪನಿ ಒಂದು ಮಾದರಿಯ ಸರ್ವಿಸ್ ಸಾಫ್ಟ್‌ವೇರ್ ನಿಲ್ಲಿಸಿದ ದಿನ, ಆ ಮಾದರಿಯ ಎಲ್ಲ ಪರೀಕ್ಷೆ ಮತ್ತು ಒಪ್ಪಿಗೆಯ ಅಧಿಕಾರ, ಇಂಟರ್ನೆಟ್ ಇಲ್ಲದೆಯೂ ಓಡುವ ಒಂದು ಪ್ರೋಗ್ರಾಮಾಗಿ ಮಾಲೀಕರ ಕೈಗೆ ಬರಬೇಕು. ಬರೆಯೋದಕ್ಕೆ ಇದು ಕಷ್ಟದ ಸಾಫ್ಟ್‌ವೇರ್ ಅಲ್ಲ. ಡೀಲರ್‌ನ ಲ್ಯಾಪ್‌ಟಾಪಿನಲ್ಲಿ ಅದರ ಬಹುಪಾಲು ಈಗಾಗಲೇ ಕೂತಿದೆ.